ಐದು ಸಾವಿರ ಮೊಟ್ಟೆ, ಎರಡು ಮೀನು

ಸೇತುವೆಯ ಕೆಳಗೆ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಭಾಷಣ ಮುಗಿದು, ಶಾಲು ಹೊದಿಸಿ, ಫೋಟೊ ತೆಗೆದಾದ ಮೇಲೆ ಒಂದೊಂದೇ ಚೀಲದ ಬಾಯಿ ಬಿಚ್ಚಿ ಹೊಳೆಗೆ ಸುರಿದರು. ಬೆರಳುದ್ದವೂ ಇಲ್ಲದ ಮೀನುಮರಿಗಳು. ಬಿದ್ದ ಜಾಗದಲ್ಲೇ ದಿಕ್ಕು ತೋಚದೆ ಒಂದೆರಡು ಸುತ್ತು ಸುತ್ತಿ, ನೀರಿನ ಸೆಳೆತಕ್ಕೆ ಸಿಕ್ಕಿ ಕೆಳಗೆ ಹೋದವು. ಪಕ್ಕದ ತೋಟದ ಅಜ್ಜ ನನ್ನ ಹೆಗಲು ತಟ್ಟಿ, "ನೋಡ್ತಿರು ಮಗ, ಇನ್ನು ಮೂರೇ ವರ್ಷ. ಹೊಳೆ ತುಂಬ ಮೀನು" ಅಂದರು. ಹೂಂ ಅಂದೆ. ಮಾರನೇ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ನೋಡಿದರೆ ಅದೇ ಜಾಗದಲ್ಲಿ ಎರಡು ಮಿಂಚುಳ್ಳಿ, ಬಂಡೆ ಮೇಲೆ ರೆಕ್ಕೆ ಒಣಗಿಸುತ್ತಾ ಐದಾರು ನೀರುಕಾಗೆ. ಹೊಟ್ಟೆ ತುಂಬಿದವರ ಗತ್ತಿನಲ್ಲಿ ಕೂತಿದ್ದವು.

ಅಜ್ಜನ ಲೆಕ್ಕದಲ್ಲಿ ತಪ್ಪಿದೆ. ಆದರೆ ಅದು ಹಕ್ಕಿಗಳಿಂದಾದ ತಪ್ಪಲ್ಲ. ಹಕ್ಕಿ ತಿನ್ನದಿದ್ದರೂ ಆ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತಿರಲಿಲ್ಲ. ಯಾಕೆ ಅನ್ನುವುದಕ್ಕೆ ಉತ್ತರ ಹುಡುಕಿಕೊಂಡು ಕೊಡಗಿನಿಂದ ಬಹಳ ದೂರ, ಸಾಲ್ಮನ್ ಮೀನಿನ ನಾಡಿಗೆ ಹೋಗಬೇಕು.

ಸಾಲ್ಮನ್ ನಮ್ಮಲ್ಲಿಲ್ಲ. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರಗಳ ತಣ್ಣೀರಿನ ಮೀನು ಅದು. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಬರುತ್ತದೆ. ಅದರ ದಾಯಾದಿ ಟ್ರೌಟನ್ನು ಬ್ರಿಟಿಷರು ನೀಲಗಿರಿಗೆ ತಂದು ಬಿಟ್ಟರು. ದಕ್ಷಿಣದಲ್ಲಿ ಆ ಕುಟುಂಬದ ನೆಂಟಸ್ತನ ಹೆಚ್ಚುಕಡಿಮೆ ಅಷ್ಟೇ. ಆದರೂ ಹರಿಯುವ ನೀರಿನಲ್ಲಿ ಮೀನುಮರಿ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂದು ಸಾಲ್ಮನ್, ಟ್ರೌಟ್‌ಗಳ ಬೆನ್ನುಹತ್ತಿ ನೋಡಿದಷ್ಟು ನಮ್ಮ ಹೊಳೆಮೀನುಗಳನ್ನು ಯಾರೂ ನೋಡಿಲ್ಲ. ಕಾರಣ ಸರಳ, ಆ ಮೀನಿನ ಹಿಂದೆ ದುಡ್ಡಿದೆ. ನಮ್ಮ ಕಾವೇರಿಯ ಬಿಳಿಮೀನು, ಅಂದರೆ ಡುಬ್ಬದ ಮಹಶೀರ್, 50 ಕಿಲೋ ದಾಟಿ ಬೆಳೆಯಬಲ್ಲ ಮೀನು. ಗಾಳ ಹಾಕುವವರು ಒಂದೂವರೆ ಶತಮಾನದಿಂದ ಅದರ ಹಿಂದೆ ಬಿದ್ದಿದ್ದಾರೆ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಗಟ್ಟಿಯಾಗಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರಿಟ್ಟ ವರ್ಷವೇ ತಿಥಿಯ ದಿನ ಗೊತ್ತುಮಾಡಿದ ಹಾಗೆ.

ಲೆಕ್ಕಕ್ಕೆ ಬರೋಣ. ಮೂರು-ನಾಲ್ಕು ಕಿಲೋದ ಅಟ್ಲಾಂಟಿಕ್ ಸಾಲ್ಮನ್ ಹೆಣ್ಣು ಸುಮಾರು 5,000 ಮೊಟ್ಟೆ ಇಡುತ್ತದೆ. ಹೊಳೆಯಲ್ಲಿ ಮೀನು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇರಬೇಕಾದರೆ ಆ 5,000ದಲ್ಲಿ ಒಂದು ಗಂಡು, ಒಂದು ಹೆಣ್ಣು ದೊಡ್ಡದಾಗಿ ಬಂದು ಮರಿಮಾಡಿದರೆ ಸಾಕು. ಉಳಿದ 4,998 ಸಾಯಲೇಬೇಕು. ಸಮುದ್ರದ ಕಡೆ ಹೊರಡುವ ಗಾತ್ರಕ್ಕೆ ಬರುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು. ಹಾಗಾಗಿ ಹೆಚ್ಚಿನ ಸಾವು ಸಮುದ್ರದಲ್ಲಿ, ಬಲೆಯಲ್ಲಿ ಆಗುವುದಲ್ಲ. ಮೊಣಕಾಲುದ್ದ ನೀರಿನ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ ಆಗುತ್ತದೆ, ಅದೂ ಬದುಕಿನ ಮೊದಲ ಕೆಲವು ತಿಂಗಳಲ್ಲಿ.

ಮೊದಲ ಗಂಡಾಂತರ ಕಲ್ಲಿನ ಒಳಗೇ ಇದೆ. ಸ್ಕಾಟ್ಲೆಂಡಿನಂಥ ಕಡೆ ಚಳಿಗಾಲದ ಬಾಗಿಲಲ್ಲಿ ಹೆಣ್ಣು ಸಾಲ್ಮನ್ ಸಮುದ್ರದಿಂದ ತಾನು ಹುಟ್ಟಿದ ತೋಡಿಗೇ ಬಂದು, ಪಕ್ಕಕ್ಕೆ ವಾಲಿ ಬಾಲವನ್ನು ಪಟಪಟ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ. ಜಲ್ಲಿ ಅಂದರೆ ನಿಂಬೆಹಣ್ಣಿನಿಂದ ಮುಷ್ಟಿ ಗಾತ್ರದವರೆಗಿನ ಉರುಟು ಕಲ್ಲು. ಬಾಲ ಬಡಿದಾಗ ಎದ್ದ ಮಣ್ಣು, ಮರಳು ನೀರಿನ ಜೊತೆ ಹೋಗಿ ಕಲ್ಲು ಮಾತ್ರ ಉಳಿಯುತ್ತದೆ. ಅಕ್ಕಿ ತೊಳೆದ ಹಾಗೆ. ಮೊಟ್ಟೆಯಿಟ್ಟು, ಗಂಡು ವೀರ್ಯ ಬಿಟ್ಟ ಮೇಲೆ ಸ್ವಲ್ಪ ಮೇಲಿನ ಕಲ್ಲನ್ನು ಮತ್ತೆ ಬಡಿದು ಗುಂಡಿ ಮುಚ್ಚುತ್ತದೆ. ಒಂದು ಗೇಣಿನಷ್ಟು ಜಲ್ಲಿಯಡಿ ಮೊಟ್ಟೆ ತಿಂಗಳುಗಟ್ಟಲೆ ಕೂತಿರಬೇಕು. ಎಷ್ಟು ದಿನ ಅನ್ನುವುದನ್ನು ನೀರಿನ ಬಿಸಿ ಹೇಳುತ್ತದೆ: ದಿನಗಳನ್ನು ಡಿಗ್ರಿಯಿಂದ ಗುಣಿಸಿದರೆ ಹತ್ತಿರಹತ್ತಿರ 500 ಬರಬೇಕು. 5 ಡಿಗ್ರಿ ನೀರಲ್ಲಿ ನೂರು ದಿನ, 10 ಡಿಗ್ರಿಯಲ್ಲಿ ಐವತ್ತು.

ಅಷ್ಟೂ ದಿನ ಮೊಟ್ಟೆ ಉಸಿರಾಡಬೇಕು. ಅದಕ್ಕೆ ಕಿವಿರಿಲ್ಲ. ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರು ತಂದುಕೊಟ್ಟ ಆಮ್ಲಜನಕ ಸಿಪ್ಪೆಯ ಮೂಲಕ ಇಳಿಯಬೇಕು, ಒಳಗಿನ ಕೊಳೆಯನ್ನು ಅದೇ ನೀರು ಹೊರಗೆ ಒಯ್ಯಬೇಕು. ಸಂದಿಯಲ್ಲಿ ನಯವಾದ ಮಣ್ಣು ತುಂಬಿತು ಅನ್ನಿ, ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಸಾಯದೆ ಒಡೆದರೂ ಮರಿಗೆ ಮೇಲೆ ಬರಲು ದಾರಿಯಿರುವುದಿಲ್ಲ. ಜೀವಂತ ಹೂತ ಹಾಗೆ.

ಇದನ್ನು ಓದುವಾಗೆಲ್ಲ ನನಗೆ 2018ರ ಆಗಸ್ಟ್ ನೆನಪಾಗುತ್ತದೆ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿತು. ಜನ, ಮನೆ, ತೋಟ ಹೋದ ಲೆಕ್ಕ ಸಿಕ್ಕಿತು. ನೀರಿನ ತಳದಲ್ಲಿ ಏನಾಯಿತು ಅಂತ ಆ ಹೊತ್ತಿನಲ್ಲಿ ಕೇಳುವುದೂ ತಪ್ಪೇ ಆಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ನಮ್ಮ ತೋಡಿಗೆ ಇಳಿದಾಗ ಕಲ್ಲು ಎತ್ತಲು ಆಗಲಿಲ್ಲ. ಸಿಮೆಂಟ್ ಹಾಕಿದ ಹಾಗೆ ಕೆಂಪು ಮಣ್ಣು ಕಚ್ಚಿಕೊಂಡಿತ್ತು. ಮೊದಲೆಲ್ಲ ಯಾವ ಕಲ್ಲು ಮಗುಚಿದರೂ ಅಡಿಯಲ್ಲಿ ಒಂದು ಏಡಿಮರಿ, ಮರಳಿನ ಕಾಳು ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡ ಹುಳು, ಚಪ್ಪಟೆ ಹುಳು ಸಿಗುತ್ತಿತ್ತು. ಆ ವರ್ಷ ಗುದ್ದಲಿಯ ತುದಿಯಿಂದ ಒಂದು ಕಲ್ಲು ಎಬ್ಬಿಸಿದೆ. ಕೆಳಗೆ ಬರೀ ಕೆಸರು, ಕೊಳೆತ ಎಲೆಯ ವಾಸನೆ.

ಮಹಶೀರ್‌ನ ಮೊಟ್ಟೆ ಸಾಲ್ಮನ್‌ನಷ್ಟು ದಿನ ಕಾಯುವುದಿಲ್ಲ. ನಮ್ಮ ಬೆಚ್ಚಗಿನ ನೀರಿನಲ್ಲಿ ಮೂರು-ನಾಲ್ಕು ದಿನಕ್ಕೇ ಒಡೆಯುತ್ತದೆ. ಆದರೆ ಕಾಟ್ಲಾ, ರೋಹುವಿನ ಹಾಗೆ ಲಕ್ಷಗಟ್ಟಲೆ ಇಡುವ ಜಾತಿಯಲ್ಲ ಅದು; ಕಿಲೋ ತೂಕಕ್ಕೆ ಕೆಲವೇ ಸಾವಿರ, ಅದನ್ನೂ ಕಂತುಕಂತಾಗಿ ಇಡುತ್ತದೆ. ಹಳದಿ ಬಣ್ಣದ ದಪ್ಪ ಮೊಟ್ಟೆ ತಳಕ್ಕೆ ಇಳಿಯುತ್ತದೆ. ಒಡೆದ ಮರಿ ಬೆಳಕಿಗೆ ಹೆದರಿ ಕಲ್ಲುಸಂದಿಗೆ ತಲೆ ತೂರಿಸಿ, ಹೊಟ್ಟೆಗೆ ಕಟ್ಟಿಕೊಂಡ ಹಳದಿ ಬುತ್ತಿ ಮುಗಿಯುವವರೆಗೆ ಸುಮಾರು ಒಂದು ವಾರ ಅಲ್ಲೇ ಇರುತ್ತದೆ. ಅಂದರೆ ಸಂದಿ ಬೇಕು. ಸಂದಿಯಿಲ್ಲದ ತೋಡು ಇದಕ್ಕೂ ತೋಡಲ್ಲ.

ಎರಡನೇ ಗಂಡಾಂತರ ಇನ್ನೂ ದೊಡ್ಡದು. ಬುತ್ತಿ ಮುಗಿದ ಸಾಲ್ಮನ್ ಮರಿ ಜಲ್ಲಿಯಿಂದ ಮೇಲೆ ಬರುತ್ತದೆ, ಹೆಚ್ಚಾಗಿ ರಾತ್ರಿ. ಉದ್ದ ಎರಡೂವರೆ ಸೆಂಟಿಮೀಟರ್. ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಹೊಟ್ಟೆಯೊಳಗಿನ ಗಾಳಿಚೀಲ ತುಂಬಿಸಿಕೊಳ್ಳುತ್ತದೆ, ಇಲ್ಲದಿದ್ದರೆ ತೇಲಲಾಗದು. ಆಮೇಲೆ ಮಾಡುವ ಕೆಲಸ ಊಟ ಹುಡುಕುವುದಲ್ಲ, ಜಾಗ ಹಿಡಿಯುವುದು.

ಈ ಜಾಗ ಹೇಗಿರಬೇಕು ಅಂದರೆ, ಮರಿ ನಿಲ್ಲುವ ಕಡೆ ನೀರು ನಿಧಾನ ಇರಬೇಕು, ಪಕ್ಕದಲ್ಲೇ ಜೋರು ಇರಬೇಕು. ಒಂದು ಕಲ್ಲಿನ ಬೆನ್ನ ಹಿಂದೆ ನಿಂತರೆ ಈಜುವ ಶ್ರಮವಿಲ್ಲ. ಕಲ್ಲಿನ ಪಕ್ಕದಿಂದ ಓಡುವ ನೀರು ಹುಳುಹುಪ್ಪಟೆಯನ್ನು ಬಾಯಿಯ ಹತ್ತಿರವೇ ತರುತ್ತದೆ. ಸರ್ರನೆ ಹೋಗಿ ಕಚ್ಚಿಕೊಂಡು ಮತ್ತೆ ಕಲ್ಲಿನ ಮರೆಗೆ ಬಂದರಾಯಿತು. ಕುಶಾಲನಗರದ ಬಸ್‌ಸ್ಟ್ಯಾಂಡ್ ಎದುರು ಕ್ಯಾಂಟೀನ್ ಇಟ್ಟವರ ಲಾಭದ ಲೆಕ್ಕವೇ ಇದು: ತಾನು ಕೂತಲ್ಲೇ ಕೂತಿರಬೇಕು, ಗಿರಾಕಿ ಹರಿದು ಬರುತ್ತಿರಬೇಕು. ನೀರು ಪೂರ್ತಿ ನಿಂತ ಕಡೆ ಶ್ರಮವಿಲ್ಲ, ಊಟವೂ ಇಲ್ಲ. ಪೂರ್ತಿ ಜೋರಿರುವ ಕಡೆ ಊಟವಿದೆ, ಆದರೆ ತಿಂದಿದ್ದಕ್ಕಿಂತ ಈಜಿ ಕರಗಿಸಿದ್ದೇ ಹೆಚ್ಚಾಗುತ್ತದೆ.

ಇಂಥ ಜಾಗ ತೋಡಿನಲ್ಲಿ ಎಣಿಸಿದಷ್ಟೇ ಇರುತ್ತವೆ. ಸಾಲ್ಮನ್ ಮರಿಗಳು ಇದಕ್ಕಾಗಿ ಜಗಳ ಆಡುತ್ತವೆ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕಿಂತ ಜೋರು. ರೆಕ್ಕೆ ಬಿಡಿಸಿ ಹೆದರಿಸುವುದು, ಓಡಿಸುವುದು, ಕಚ್ಚುವುದು. ಒಂದೆರಡು ದಿನ ಮೊದಲು ಜಲ್ಲಿಯಿಂದ ಎದ್ದ ಮರಿಗೆ ಮೊದಲು ಕೂತವನ ಹಕ್ಕು ಸಿಗುತ್ತದೆ. ತಡವಾಗಿ ಬಂದದ್ದು ಸ್ವಲ್ಪ ದೊಡ್ಡದಿದ್ದರೂ ಅದನ್ನು ಎಬ್ಬಿಸುವುದು ಕಷ್ಟ. ಜಾಗ ಸಿಗದವು ಕೆಳಕ್ಕೆ ತೇಲುತ್ತವೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬ್ಲ್ಯಾಕ್ ಬ್ರೋಸ್ ಬೆಕ್ ಎಂಬ ಪುಟ್ಟ ತೋಡಿದೆ. ಜೆ. ಎಂ. ಎಲಿಯಟ್ ಎಂಬ ವಿಜ್ಞಾನಿ 1960ರ ದಶಕದಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದೊಂದೇ ತೋಡಿನ ಟ್ರೌಟ್ ಮರಿಗಳನ್ನು ವರ್ಷವೂ ಎಣಿಸಿದರು. ನನ್ನ ಮಟ್ಟಿಗೆ ವಿಜ್ಞಾನ ಅಂದರೆ ಈ ಬಗೆಯ ಹಟ. ಅವರಿಗೆ ಕಂಡದ್ದು ಇದು: ಜಲ್ಲಿಯಿಂದ ಎದ್ದ ಮೇಲಿನ ಒಂದೆರಡು ತಿಂಗಳಲ್ಲೇ ಆ ವರ್ಷದ ಮರಿಗಳ ಹಣೆಬರಹ ತೀರ್ಮಾನವಾಗುತ್ತದೆ. ಮೊಟ್ಟೆ ಹೆಚ್ಚಿದಂತೆ ಉಳಿಯುವ ಮರಿಯೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಅದನ್ನು ದಾಟಿದರೆ ಮೊಟ್ಟೆ ಹೆಚ್ಚಾದಷ್ಟೂ ಕೊನೆಗೆ ಉಳಿಯುವ ಮರಿ ಕಡಿಮೆಯಾಗುತ್ತದೆ. ಕೆಳಗೆ ತೇಲಿ ಬರುತ್ತಿದ್ದ ಮರಿಗಳನ್ನು ಹಿಡಿದು ನೋಡಿದರೆ ಬಹಳಷ್ಟಕ್ಕೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅವನ್ನು ಯಾರೂ ತಿಂದಿರಲಿಲ್ಲ, ಅವು ಹಸಿವಿನಿಂದಲೇ ಸಾಯುತ್ತಿದ್ದವು.

ನಾಟಿ ಗದ್ದೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗೆಯನ್ನು ಒತ್ತೊತ್ತಾಗಿ ನೆಟ್ಟರೆ ಭತ್ತ ಹೆಚ್ಚು ಸಿಗುವುದಿಲ್ಲ, ಹುಲ್ಲು ಸಿಗುತ್ತದೆ.

ಒಂದು ವ್ಯತ್ಯಾಸ ಹೇಳಲೇಬೇಕು. ನಮ್ಮ ಮಹಶೀರ್ ಮರಿ ಸಾಲ್ಮನ್ ಹಾಗೆ ಒಂಟಿ ಜಗಳಗಂಟ ಅಲ್ಲ. ದಂಡೆಯ ಬೇರಿನ ಅಡಿ, ಸೆಳೆತದ ಅಂಚಿನಲ್ಲಿ ಹಿಂಡಾಗಿ ನಿಲ್ಲುತ್ತದೆ. ಜಗಳ ಕಡಿಮೆ ಅಂದಮಾತ್ರಕ್ಕೆ ಹೊಟ್ಟೆ ಕಡಿಮೆಯೇನಲ್ಲ. ಹಿಂಡಿಗೂ ಆಳ, ನೆರಳು, ಹುಳು ಬೇಕೇಬೇಕು. ಸೇತುವೆಯಡಿ ಸುರಿದ ಮರಿಗಳಿಗೆ ಸಿಕ್ಕಿದ್ದು ಬಟಾಬಯಲು ನೀರು. ಚೀಲದ ನೀರಿಗೂ ಹೊಳೆಯ ನೀರಿಗೂ ಬಿಸಿ ಹೊಂದಲು ಸ್ವಲ್ಪ ಹೊತ್ತು ಚೀಲವನ್ನು ಹಾಗೇ ತೇಲಬಿಡಬೇಕು ಅನ್ನುವುದು ಮನೆಯಲ್ಲಿ ಅಕ್ವೇರಿಯಂ ಇಟ್ಟ ಹುಡುಗರಿಗೂ ಗೊತ್ತು. ಅವತ್ತು ಭಾಷಣ ಉದ್ದವಾಗಿತ್ತು, ಅದಕ್ಕೆ ಪುರುಸೊತ್ತು ಇರಲಿಲ್ಲ.

ಜಾಗ ಹಿಡಿದ ಮರಿ ಬೆಳೆಯಬೇಕು. ಬೆಳವಣಿಗೆ ಊಟದ ಮೇಲೆ ನಿಂತಿದೆ, ಅಷ್ಟೇ ನೀರಿನ ಬಿಸಿಯ ಮೇಲೂ ನಿಂತಿದೆ. ಮೀನಿನ ರಕ್ತ ತಣ್ಣಗಿನದು, ನೀರು ಬಿಸಿಯಾದರೆ ಅದರ ಒಲೆಯೂ ಜೋರಾಗಿ ಉರಿಯುತ್ತದೆ, ಹೆಚ್ಚು ಸೌದೆ ಬೇಕಾಗುತ್ತದೆ. ಅಟ್ಲಾಂಟಿಕ್ ಸಾಲ್ಮನ್ ಮರಿ 16 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅಲ್ಲಿಂದ ಮೇಲೆ ಹೋದಷ್ಟೂ ತಿಂದದ್ದರಲ್ಲಿ ಹೆಚ್ಚು ಪಾಲು ಉಸಿರಾಟಕ್ಕೇ ಹೋಗುತ್ತದೆ. 27-28 ಡಿಗ್ರಿಗೆ ಹೋದರೆ ಜೀವಕ್ಕೇ ಕುತ್ತು. ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 25 ಡಿಗ್ರಿಯಲ್ಲಿ ಬರೀ 8. ಮೀನಿಗೆ ಉಸಿರು ಹೆಚ್ಚು ಬೇಕಾದಾಗಲೇ ನೀರಿನಲ್ಲಿ ಉಸಿರು ಕಡಿಮೆ. ನಮ್ಮ ಮೀನುಗಳು ಹೆಚ್ಚು ಬಿಸಿಯನ್ನು ತಾಳುತ್ತವೆ, ಆದರೆ ಈ ಇಕ್ಕಟ್ಟಿನಿಂದ ಯಾವ ಮೀನಿಗೂ ವಿನಾಯಿತಿಯಿಲ್ಲ. ದಂಡೆಯ ಹೊಂಗೆ, ನೇರಳೆ, ಅತ್ತಿ ಕಡಿದಾಗ ತೋಡಿಗೆ ಬೀಳುವ ಬಿಸಿಲನ್ನು ಈ ಲೆಕ್ಕದಲ್ಲಿ ನೋಡಬೇಕು. ಆ ಮರಗಳಿಂದ ನೀರಿಗೆ ಉದುರುವ ಇರುವೆ, ಹುಳು, ಹಣ್ಣು ಹೋಯಿತಲ್ಲ, ಅದು ಬೇರೆ.

ಬೆಳವಣಿಗೆಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಸ್ಕಾಟ್ಲೆಂಡಿನಲ್ಲಿ ಕಂಡುಬಂದದ್ದು. ಒಂದೇ ತಾಯಿಯ ಮರಿಗಳು ಮೊದಲ ವರ್ಷದ ಕೊನೆಗೆ ಎರಡು ಪಂಗಡವಾಗುತ್ತವೆ. ಚೆನ್ನಾಗಿ ಬೆಳೆದವು ಚಳಿಯಲ್ಲೂ ತಿನ್ನುತ್ತಾ ಮುಂದಿನ ವಸಂತಕ್ಕೆ ಸಮುದ್ರಕ್ಕೆ ಹೊರಡುವ ತಯಾರಿ ಮಾಡುತ್ತವೆ. ಹಿಂದೆ ಬಿದ್ದವು ಮುಂದೆ ಊಟವಿದ್ದರೂ ಹಸಿವನ್ನೇ ಕಡಿಮೆ ಮಾಡಿಕೊಂಡು ಕಲ್ಲಿನಡಿ ಅಡಗಿ ಕೂರುತ್ತವೆ. ಈ ವರ್ಷ ಆಗುವುದಿಲ್ಲ, ಮುಂದಿನ ವರ್ಷ ನೋಡೋಣ ಅಂತ. ನೀರು 10 ಡಿಗ್ರಿಗಿಂತ ಕೆಳಗಿಳಿದಾಗ ಮರಿಗಳು ಹಗಲು ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ, ರಾತ್ರಿ ಮಾತ್ರ ಬರುತ್ತವೆ. ತಣ್ಣಗಾದ ಮೈ ಮಂದವಾಗಿರುತ್ತದೆ, ಬಿಸಿರಕ್ತದ ಹಕ್ಕಿ, ನೀರುನಾಯಿಗಳಿಂದ ತಪ್ಪಿಸಿಕೊಳ್ಳಲು ಕತ್ತಲೇ ಗತಿ. ಇನ್ನು ಕೆಲವು ಗಂಡುಮರಿಗಳು ಸಮುದ್ರದ ಗೊಡವೆಯೇ ಬೇಡವೆಂದು ಗೇಣುದ್ದ ಇರುವಾಗಲೇ ಪ್ರಾಯಕ್ಕೆ ಬಂದು, ದೊಡ್ಡ ಗಂಡು ಹೆಣ್ಣಿನ ಮುಂದೆ ಮೆರೆಯುವಾಗ ಸಂದಿಯಲ್ಲಿ ನುಸುಳಿ ತಮ್ಮ ಕೆಲಸ ಮುಗಿಸುತ್ತವೆ. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ.

ಯೂರೋಪಿನ ದಕ್ಷಿಣದ ಹೊಳೆಗಳಲ್ಲಿ ಒಂದು ವರ್ಷಕ್ಕೇ, ಉತ್ತರ ನಾರ್ವೆಯಂಥ ಕಡೆ ನಾಲ್ಕೈದು ವರ್ಷಕ್ಕೆ ಮರಿ 12-15 ಸೆಂಟಿಮೀಟರ್ ಆಗುತ್ತದೆ. ಆಗ ಮೈಮೇಲಿನ ಕಪ್ಪು ಪಟ್ಟೆ ಅಳಿಸಿ ಬೆಳ್ಳಿ ಬಣ್ಣ ಬರುತ್ತದೆ, ಉಪ್ಪುನೀರಿಗೆ ತಕ್ಕಂತೆ ಕಿವಿರು ಬದಲಾಗುತ್ತದೆ, ತೋಡಿನ ವಾಸನೆಯನ್ನು ನೆನಪಿಟ್ಟುಕೊಂಡು ಕೆಳಗೆ ಇಳಿಯುತ್ತದೆ. ಮುಂದಿನದು ಸಮುದ್ರದ ಕಥೆ, ಇಲ್ಲಿ ಬೇಡ.

ಆ ಮರಿಗಳಿಗೆ ಚಳಿಗಾಲ ಹೇಗೋ ನಮ್ಮ ಮರಿಗಳಿಗೆ ಬೇಸಿಗೆ ಹಾಗೆ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಗದ್ದೆಯ ಬದುವಿನವರೆಗೂ ಹತ್ತಿ ಬರುವ ಮೀನು ಏಪ್ರಿಲ್‌ನಲ್ಲಿ ಎಲ್ಲಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ಡಿಸೆಂಬರಿನಿಂದ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ. ಕಾಫಿ ಹಣ್ಣಿನ ಲೋಳೆ, ಸಕ್ಕರೆ ಬೆರೆತ ನೀರು ತೋಡಿಗೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮಳೆಗಾಲದಲ್ಲಾದರೆ ಕೊಚ್ಚಿ ಹೋಗುತ್ತಿತ್ತು, ಆದರೆ ಹಣ್ಣು ಬರುವುದೇ ತೋಡು ಬಡವಾಗುವ ಹೊತ್ತಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಬ್ಲಾಸಮ್‌ಗೆ, ಅಂದರೆ ಕಾಫಿ ಹೂ ಅರಳಲು, ಸ್ಪ್ರಿಂಕ್ಲರ್ ನೀರು; ಆಮೇಲೆ ಬ್ಯಾಕಿಂಗ್, ಅಂದರೆ ಹೂವಾದ ಮೇಲೆ ಇನ್ನೊಂದು ಸಲ ನೀರು. ಹೂಮಳೆ ನಂಬಿ ಕೂತರೆ ರೊಬಸ್ಟಾ ಕೈಕೊಡುತ್ತದೆ, ಹಾಗಾಗಿ ನಾನೂ ಮೋಟಾರು ಹಚ್ಚುವವನೇ. ಒಂದು ಸಲ ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಬಿಚ್ಚಿದಾಗ ಜಾಲರಿಗೆ ಅಂಟಿಕೊಂಡು ಒಣಗಿದ ಮರಿಗಳು ಸಿಕ್ಕವು, ಹನ್ನೊಂದು. ಹೊರಗಿನಿಂದ ಇನ್ನೊಂದು ಸಣ್ಣ ಕಣ್ಣಿನ ಬಲೆ ಸುತ್ತಿದ ಮೇಲೆ ಅಂಥದ್ದು ಕಂಡಿಲ್ಲ. ಆದರೆ ಕೊನೆಗೆ ಉಳಿಯುವ ನಾಲ್ಕೈದು ಗುಂಡಿಗಳ ನೀರನ್ನೇ ಎಳೆದರೆ ಬಲೆ ಏನು ಮಾಡೀತು?

ಗುಂಡಿ ಅಂದೆ. ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಕಳೆದ ಶತಮಾನದ ಮಧ್ಯಭಾಗದಲ್ಲಿ ತೋಡಿಗೆ ಬಿದ್ದ ಮರಗಳನ್ನು ಸರ್ಕಾರವೇ ನಿಂತು ತೆಗೆಸಿತು. ಮೀನಿಗೆ ದಾರಿ ಸುಗಮವಾಗಲಿ ಎಂಬ ಒಳ್ಳೆಯ ಉದ್ದೇಶವೇ. ತೆಗೆದ ಮೇಲೆ ತೋಡು ನೇರವಾಗಿ, ತೆಳುವಾಗಿ, ಚರಂಡಿಯ ಹಾಗೆ ಹರಿಯತೊಡಗಿತು. ಮರದ ದಿಮ್ಮಿಯ ಕೆಳಗೆ ನೀರು ಕೊರೆದು ಆಗುವ ಗುಂಡಿ, ಮೇಲೆ ನಿಲ್ಲುವ ಜಲ್ಲಿ, ಪಕ್ಕದ ನಿಧಾನದ ನೀರು, ಕೋಹೋ ಸಾಲ್ಮನ್ ಮರಿ ಚಳಿಗಾಲ ಕಳೆಯುತ್ತಿದ್ದದ್ದೇ ಅಲ್ಲಿ. ಈಗ ಅದೇ ತೋಡುಗಳಿಗೆ ದೊಡ್ಡ ಖರ್ಚಿನಲ್ಲಿ, ಕೆಲವು ಕಡೆ ಹೆಲಿಕಾಪ್ಟರಿನಲ್ಲಿ, ದಿಮ್ಮಿ ತಂದು ಹಾಕುತ್ತಿದ್ದಾರೆ.

ಮರಿ ಸಾಕಿ ಬಿಡುವುದರ ಬಗ್ಗೆಯೂ ಅವರ ಅನುಭವ ಕಹಿಯಾಗಿದೆ. ಒರೆಗಾನ್ ರಾಜ್ಯದ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಟ್ರೌಟ್‌ಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಬಿಡಿಸಿದ ಅಧ್ಯಯನ 2007ರಲ್ಲಿ ಬಂತು. ತೊಟ್ಟಿಯಲ್ಲಿ ಸಾಕಿದ ಒಂದೊಂದು ತಲೆಮಾರಿಗೂ, ಹೊಳೆಗೆ ಹೋದ ಮೇಲೆ ಮರಿಮಾಡುವ ಶಕ್ತಿ ಸುಮಾರು 40 ಶೇಕಡದಷ್ಟು ಕುಗ್ಗಿತ್ತು. ತೊಟ್ಟಿಯಲ್ಲಿ ಗೆಲ್ಲುವ ಗುಣ ಬೇರೆ, ತೋಡಿನಲ್ಲಿ ಗೆಲ್ಲುವ ಗುಣ ಬೇರೆ.

ಕಾವೇರಿಯಲ್ಲಿ ಇದರ ಇನ್ನೊಂದು ಮುಖ ಕಂಡಿತು. 1970ರ ದಶಕದಿಂದ ಕೃಷ್ಣಾ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಲೋನಾವಳದ ಸಾಕಣೆ ಕೇಂದ್ರದಿಂದ ಇಲ್ಲಿಗೆ ಬಂದವು. ಗಾಲಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಬಿಡುತ್ತಿದ್ದವರ 1998ರಿಂದ 2012ರವರೆಗಿನ ದಾಖಲೆ ತೆಗೆದು ನೋಡಿದರೆ ನೀಲಿ ರೆಕ್ಕೆಯದು ಏರಿದೆ, ಡುಬ್ಬದ ಬಿಳಿಮೀನು ಬಹುತೇಕ ಇಲ್ಲವಾಗಿದೆ. ಬಿತ್ತನೆಯೊಂದೇ ಕಾರಣ ಅಂತ ಹೇಳಲಾಗದು. ಡೈನಮೈಟ್, ಅಣೆಕಟ್ಟು, ಮರಳು ತೆಗೆಯುವುದು ಎಲ್ಲ ಇದೆ. ಆದರೆ ಜಾಗ ಇಷ್ಟೇ ಇರುವಾಗ ಹೊರಗಿನಿಂದ ತಂದು ಕೂರಿಸಿದ ನೆಂಟ ಯಾರ ಚಾಪೆಯಲ್ಲಿ ಕೂರುತ್ತಾನೆ ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ.

ಹೋದ ಸಲ ಮಳೆ ಮುಗಿದ ಮೇಲೆ ತೋಡಿನ ಹೂಳೆತ್ತಲು ಜೆಸಿಬಿ ಬಂತು. ನಮ್ಮ ಗದ್ದೆಯ ಮೂಲೆಯಲ್ಲಿ ಒಂದು ಅತ್ತಿಮರ ಅಡ್ಡ ಬಿದ್ದಿತ್ತು. ಅದನ್ನು ಬಿಡಿ ಅಂದೆ. ಡ್ರೈವರ್ ನಕ್ಕು, "ಬಿಟ್ರೆ ನಿಮ್ ಗದ್ದೆಗೇ ನೀರು ನುಗ್ಗೋದು ಸಾರ್, ಆಮೇಲೆ ನನ್ನ ಬೈಬೇಡಿ" ಅಂದ. ಅಜ್ಜನೂ ಅವನ ಪರವೇ. ಮರ ಉಳಿಯಿತು. ಈ ಜುಲೈನಲ್ಲಿ ಡ್ರೈವರ್ ಹೇಳಿದ ಹಾಗೇ ನೀರು ನುಗ್ಗಿ ಕಾಲು ಎಕರೆ ನಾಟಿಯ ಮೇಲೆ ಮರಳು ಕೂತಿತು. ಮನೆಯಲ್ಲಿ ಇನ್ನೂ ಆ ಮಾತು ಬರುತ್ತದೆ. ಮರದ ಕೆಳಗೆ ಎದೆಮಟ್ಟದ ಗುಂಡಿಯಾಗಿದೆ. ಮೊನ್ನೆ ಅಜ್ಜ ದಿಮ್ಮಿಯ ಮೇಲೆ ಕೂತು, ಎಲೆಅಡಿಕೆಯ ಡಬ್ಬಿ ಪಕ್ಕಕ್ಕಿಟ್ಟು, ನೀರೊಳಗೆ ಬೆರಳು ತೋರಿಸಿ ಎಣಿಸುತ್ತಿದ್ದರು. ಮೂವತ್ತರ ನಂತರ ಲೆಕ್ಕ ತಪ್ಪಿತಂತೆ. ಇವು ಚೀಲದಲ್ಲಿ ಬಂದವೋ ಇಲ್ಲಿಯವೋ ಅಂತ ಕೇಳಿದರು. ಬಗ್ಗಿ ನೋಡಿದೆ. ನನ್ನ ನೆರಳು ಬಿದ್ದದ್ದೇ ಎಲ್ಲ ಬೇರಿನ ಸಂದಿಗೆ ಹೋದವು.